ಹಲ್ಲಲ್ಲಿ ಕಡಿಯುವ ದಾರ

ತಪ್ಪಾಗಿ ಕೂಡಿಸಿದ ಅಂಗಿಯ ತೋಳನ್ನು ಬಿಚ್ಚುತ್ತಿದ್ದೇನೆ, ಒಂದೊಂದೇ ಎಳೆ, ಎದುರಿಗೆ ಕಾಜಾ ಅಕ್ಕ, ಕಾಜಾ-ಗುಂಡಿ ಅವಳದೇ ಕೆಲಸ, ಗುಂಡಿ ಹೊಲಿಯುತ್ತಿದ್ದಾಳೆ, ದಾರದ ತುದಿಯನ್ನು ಬಾಯಿಯ ಹತ್ತಿರ ಒಯ್ದಳು, ಅಲ್ಲೇ ತಡೆದಳು, ಕತ್ತರಿ ಎತ್ತಿಕೊಂಡಳು — ಇಷ್ಟು ವರ್ಷ ಹಲ್ಲಲ್ಲೇ ಕಡಿದವಳು, ಟಕ್ ಅಂತ, ಕತ್ತರಿ ನಿಮಗಿರಲಿ ಕಣ್ರೇ, ನಂದು ಬಾಯಲ್ಲೇ ಇದೆ ಅನ್ನುತ್ತಿದ್ದವಳು, ನಾನು ಶಾಲೆ ಬಿಟ್ಟು ಈ ಹೊಲಿಗೆ ಅಂಗಡಿಗೆ ಬಂದ ದಿನ ಮೊದಲು ಕೇಳಿದ್ದೇ ಆ ಟಕ್. ಆ ಮುಂದಿನ ಹಲ್ಲು ಈಗಿಲ್ಲ, ನೋಯುತ್ತಿದ್ದದ್ದು ಪಕ್ಕದ್ದು, ಡಾಕ್ಟರು ಕಿತ್ತದ್ದು ಗಟ್ಟಿಯಾಗಿದ್ದದ್ದನ್ನು, ಅಲ್ಲಿಗೆ ಕಳಿಸಿದವಳು ನಾನು. ಹಲ್ಲಿನ ಡಾಕ್ಟರನ್ನ ಮಗ ಫೋನಲ್ಲಿ ಹುಡುಕಿದ ಕಣೇ, ಅದರಲ್ಲಿ ಎಲ್ಲರೂ ಚಿನ್ನವೇ, ಯಾರನ್ನ ನಂಬೋದು, ನೀನು ಸುಳ್ಳಾಡೋಳಲ್ಲ, ನೀ ಹೇಳು ಅಂದಳು ಅಕ್ಕ ಅವತ್ತು, ಊಟದ ಹೊತ್ತು, ಕೆನ್ನೆ ಹಿಡಿದುಕೊಂಡು, ಯಾರಾದರೂ ನನ್ನನ್ನು ಏನಾದರೂ ಕೇಳುವುದುಂಟೇ, ಗೊತ್ತಿಲ್ಲ ಅನ್ನಲು ನಾಚಿಕೆ, ಮೇಜಿನ ಕೆಳಗೆ ಫೋನ್ ಹಿಡಿದು ಹುಡುಕಿದೆ, ಮೊದಲು ಬಂದದ್ದು ನಮ್ಮ ಅಂಗಡಿ ಯಜಮಾನರ ಅಳಿಯನ ಹಲ್ಲಿನ ಕ್ಲಿನಿಕ್, ಐದು ನಕ್ಷತ್ರ, ಕೆಳಗೆ ಎಂಟು ಜನರ ಹೊಗಳಿಕೆ, ಮೊದಲನೆಯದೇ — ಕೈ ತುಂಬಾ ಹಗುರ, ನೋವೇ ಗೊತ್ತಾಗಲಿಲ್ಲ — ನನ್ನದೇ ಹೆಸರು, ನಾನೇ ಬರೆದದ್ದು, ಬರೀರಮ್ಮ, ಬೆರಳೇನು ಸವೆಯಲ್ಲ ಅಂತ ಯಜಮಾನರು ಎಲ್ಲರ ಕೈಯಲ್ಲೂ ಬರೆಸಿದ ದಿನ, ಅಕ್ಕ ಅವತ್ತು ರಜೆ, ನಾನು ಆ ಕ್ಲಿನಿಕ್ಕಿನ ಬಾಗಿಲನ್ನೂ ಕಂಡವಳಲ್ಲ. ನನ್ನದು ಸುಳ್ಳು, ಉಳಿದ ಏಳು ಜನರದ್ದು ನಿಜವಿರಬಹುದು ಅಂದುಕೊಂಡೆ, ಆ ಏಳೂ ಜನ ಇದೇ ಕೋಣೆಯಲ್ಲಿ ಡಬ್ಬಿ ತೊಳೆಯುತ್ತಿದ್ದರು. ಅಲ್ಲಿಗೇ ಹೋಗಕ್ಕಾ, ಕೈ ಹಗುರ. ನೀನು ತೋರಿಸಿದ್ಯಾ? ಹೂಂ. ಬರೆದದ್ದು ಯಜಮಾನರ ಮಾತು, ಆದರೆ ಆ ಹೂಂ ಯಾರೂ ಹೇಳಿಸಿದ್ದಲ್ಲ, ನನ್ನದೇ. ಕೆನ್ನೆ ಊದಿಸಿಕೊಂಡು ಬಂದ ದಿನವೂ ಇರಲಿ ಬಿಡೇ, ನೀನೇನು ಮಾಡ್ತೀಯ ಅಂದಳು, ಹಲ್ಲಿನ ಸಂದಿಯಲ್ಲಿ ಮಾತು ಗಾಳಿಯಾಗಿ ಹೋಗುತ್ತಿತ್ತು, ನಾನು ಆಗಲಾದರೂ ಹೇಳಬೇಕಿತ್ತು, ಸೂಜಿಗೆ ದಾರ ಪೋಣಿಸಿದೆ. ಇವತ್ತು ಬೆಳಿಗ್ಗೆ ಇಸ್ತ್ರಿಯವಳು, ಅಯ್ಯೋ ಆ ಕ್ಲಿನಿಕ್ಕಿನ ಹೊಗಳಿಕೆ ನಾವೇ ಬರೆದದ್ದಲ್ವೇನಕ್ಕಾ, ಇವಳದ್ದೇ ಎಲ್ಲರಿಗಿಂತ ಚೆಂದ ಇತ್ತು ಅಂತ ನಕ್ಕಳು, ಅಕ್ಕ ನಗಲಿಲ್ಲ, ನನ್ನನ್ನು ನೋಡಿದಳು, ಒಂದೇ ಸಲ, ಆಮೇಲೆ ನೋಡಿಲ್ಲ. ತೋಳಿನ ಎಳೆ ಗಂಟಾಯಿತು, ಉಗುರಿಗೆ ಬಗ್ಗುತ್ತಿಲ್ಲ, ನಾನೂ ಬಾಯಿಗೆ ಒಯ್ದೆ, ಟಕ್ ಅನ್ನಿಸಬಹುದಿತ್ತು, ನನಗೆ ಹಲ್ಲಿದೆ, ಕೆಳಗಿಟ್ಟೆ. ಎದುರಿಗೆ ಅಕ್ಕನ ಇನ್ನೊಂದು ಗುಂಡಿ ಮುಗಿದಿದೆ, ಕೈ ಮತ್ತೆ ತುಟಿಯ ಹತ್ತಿರ ಹೋಗಿದೆ, ಅಲ್ಲೇ ನಿಂತಿದೆ, ಬಿಗಿದ ದಾರ, ತುಸು ತೆರೆದ ತುಟಿ, ಒಳಗಿನ ಕಪ್ಪು ಸಂದಿ — ಅಕ್ಕಾ, ಆ ಕತ್ತರಿ ಸ್ವಲ್ಪ ಈ ಕಡೆ ಕೊಡಕ್ಕಾ.