ಕನಕಮ್ಮನ ಕೌದಿ ಫೋನಿಗೆ ಬಂತು

ಚಿಗಟೇರಿಯ ಕನಕಮ್ಮನಿಗೆ ಈಚೆಗೆ ತಲೆ ಕೆಟ್ಟುಹೋಗಿತ್ತು. ಕೌದಿ ಹೊಲಿಯುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಜನ ತಮ್ಮ ಮನೆಯ ಹಳೇ ಸೀರೆ, ಪಂಚೆಗಳನ್ನು ಗಂಟು ಕಟ್ಟಿ ತಂದುಕೊಡುತ್ತಿದ್ದರು, ಆಕೆ ಅವನ್ನು ಪದರು ಪದರಾಗಿ ಸೇರಿಸಿ ಹೊದೆಯುವ ಕೌದಿ ಹೊಲಿದುಕೊಡುತ್ತಿದ್ದಳು. ಈಗೆಲ್ಲ ಅಂಗಡಿಯ ನುಣುಪು ರಗ್ಗಿಗೆ ಮರುಳಾಗಿದ್ದಾರೆ. ಈ ವರ್ಷ ಬಂದದ್ದು ಎರಡೇ ಗಂಟು. ಹೀಗೇ ಆದರೆ ಸೂಜಿ ಕೆಳಗಿಡಬೇಕಾದೀತು ಎಂದು ಆಕೆಗೆ ಹೆದರಿಕೆ.

"ಫೋನಿನಾಗ ಹಾಕೋಣ ಅತ್ತಿ, ಜನ ತಾವಾಗೇ ಬರ್ತಾರ" ಅಂದಳು ಸೊಸೆ ಸಮತಾ. ಹೊಲಿದು ಮಡಿಸಿಟ್ಟಿದ್ದ ಒಂದು ಕೌದಿ ಹರವಿ, ವಿಡಿಯೊ ಮಾಡಿ, ಹಾಡು ಕೂಡಿಸಿ ಫೇಸ್‌ಬುಕ್ಕಿಗೆ ಬಿಟ್ಟೇಬಿಟ್ಟಳು.

"ಆರುನೂರು ಹಾರ್ಟ್ ಬಂದಾವ ಅತ್ತಿ!"

"ಹಾರ್ಟ್ ತಗೊಂಡು ನಾನೇನು ಹೊಲೀಲಿ? ಗಂಟು ಎಲ್ಲೈತಿ?"

ಒಬ್ಬರು ಯಾವೂರು ಅಂತ ಕೇಳಿದ್ದರು. ಇನ್ನೊಬ್ಬರು "ಸ್ಟಾಕ್ ಎಷ್ಟೈತಿ? ಹತ್ತು ಪೀಸ್ ಕಳಿಸ್ರಿ" ಅಂದಿದ್ದರು. ಬಟ್ಟೆ ತರಬೇಕಾದವರು ಅವರು, ಸ್ಟಾಕ್ ಎಲ್ಲಿಂದ ಬರಬೇಕು? ಕನಕಮ್ಮನಿಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ತೆಲಿಗಿಯಲ್ಲಿ ಬ್ಲೌಸ್ ಹೊಲಿಯುವ ಗುಲಫಶಾ ಬಸ್ಸಿಳಿದು ನೆಟ್ಟಗೆ ಮನೆಗೇ ಬಂದಳು. ವಿಡಿಯೊದ ಕೌದಿ ಅವಳದು. ತೀರಿಕೊಂಡ ತಾಯಿಯ ಸೀರೆಗಳನ್ನು ಕೊಟ್ಟು ಹೊಲಿಸಿದ್ದಳು, ಇನ್ನೂ ಒಯ್ದಿರಲಿಲ್ಲ.

"ದೊಡ್ಡಮ್ಮ, ನಮ್ಮಮ್ಮನ ಸೀರಿ ಊರ ಮಂದಿಗೆಲ್ಲ ಯಾಕ ತೋರಿಸಿದ್ರಿ? ಯಾರೋ 'ಎಷ್ಟಕ್ಕ ಕೊಡ್ತೀರಿ' ಅಂತ ಕೇಳ್ಯಾರ. ಅದನ್ನ ಓದಿ ನನಗ ಊಟ ಸೇರಲಿಲ್ಲ."

ಕನಕಮ್ಮ ಗುಲಫಶಾಳ ಕೈ ಹಿಡಿದುಕೊಂಡಳು. ನಂಬಿ ಬಟ್ಟೆ ಕೊಡುವವರ ನಂಬಿಕೆಯೇ ಹೋದರೆ ಉಳಿಯುವುದೇನು? "ತಪ್ಪಾತವ್ವ, ನಿನ್ನ ಒಂದು ಮಾತು ಕೇಳಬೇಕಿತ್ತು. ಸಮತಾ, ಈಗಿಂದೀಗ ತೆಗಿ ಅದನ್ನ. ಈ ಫೋನಿನ ಸಹವಾಸನ ಬ್ಯಾಡ."

ಸಮತಾ ಮುಖ ಸಣ್ಣ ಮಾಡಿಕೊಂಡು ಅಳಿಸಿದಳು. ನೀರು ಕುಡಿದ ಮೇಲೆ ಗುಲಫಶಾ ತಣ್ಣಗಾದಳು.

"ಫೋನ್ ಬ್ಯಾಡ ಅನಬ್ಯಾಡ್ರಿ. ನನ್ನ ಗಿರಾಕಿ ಅರ್ಧ ಮಂದಿ ಅದರಿಂದಲೇ ಬರ್ತಾರ. ನೀವು ಹಾಡು ಹಾಕೀರಿ, ಊರ ಹೆಸರು ಹಾಕಿಲ್ಲ, ನಂಬರ್ ಹಾಕಿಲ್ಲ. ಬಟ್ಟಿ ಗಿರಾಕಿನೇ ತರಬೇಕು ಅಂತನೂ ಹೇಳಿಲ್ಲ. ಮಂದಿಗೆ ಹೆಂಗ ತಿಳೀಬೇಕು?"

"ನಾ ಏನು ತೋರಿಸ್ಲಿ? ನನ್ನ ಹತ್ರ ಇರೋದೆಲ್ಲ ಮಂದಿದು."

"ನಿಮ್ಮ ಕೈ ನಿಮ್ಮದಲ್ಲೇನ್ರಿ? ನಿಮ್ಮ ಹಳೇ ಸೀರಿ ಇಲ್ಲೇನು?"

ಕನಕಮ್ಮ ತನ್ನದೇ ಹಳೇ ಸೀರೆ ಹರವಿ, ಅದನ್ನು ಸವರುತ್ತ ಸಮತಾಳ ಫೋನಿನ ಮುಂದೆ ಕುಳಿತಳು. ಮೂರು ಸಲ ತಡವರಿಸಿ ಕೊನೆಗೂ ಹೇಳಿದಳು: "ನಾನು ಹರಪನಹಳ್ಳಿ ತಾಲ್ಲೂಕು ಚಿಗಟೇರಿ ಕನಕಮ್ಮ. ನಿಮ್ಮ ಮನಿ ಬಟ್ಟಿ ತರ್ರಿ, ಕೌದಿ ಹೊಲಿದು ಕೊಡ್ತೀನಿ." ಕೆಳಗೆ ಸಮತಾ ಫೋನ್ ನಂಬರ್ ಹಾಕಿದಳು.

ಈ ಸಲ ಹಾರ್ಟ್ ಐವತ್ತೂ ದಾಟಲಿಲ್ಲ. ಎಲ್ಲ ಸರಿ ಮಾಡಿದರೂ ಕಡಿಮೆ ಯಾಕೆ? ಕನಕಮ್ಮನಿಗೆ ಮತ್ತೆ ಗೊಂದಲ. ಆದರೆ ಮೂರನೇ ದಿನ, ಬಟ್ಟೆ ತರಬಹುದೇ ಎಂದು ಕೇಳಿ ಫೋನ್ ಬಂತು. ಒಂಬತ್ತನೇ ದಿನ ಗುಡೇಕೋಟೆಯಿಂದ ಒಬ್ಬ ಹೆಣ್ಣುಮಗಳು ಎರಡು ಬಸ್ಸು ಬದಲಿಸಿ ಗಂಟು ತಂದಿಳಿದಳು. ಬಿಚ್ಚಿದರೆ ಗಂಡಸಿನ ಅಂಗಿಗಳು.

"ನಮ್ಮ ಮನಿಯವರವು. ಹೋಗಿ ಆರು ತಿಂಗಳಾತು. ಇವನ್ನ ಫೋನಿನಾಗ ಹಾಕಬ್ಯಾಡ್ರಿ."

"ಇಲ್ಲವ್ವ. ನೀ ಹೂಂ ಅನ್ನೋತನ ಯಾರಿಗೂ ತೋರಸಂಗಿಲ್ಲ. ಅಲ್ಲ, ನಿಮ್ಮೂರ ಕಡೆ ಹೊಲಿಯೋರು ಇಲ್ಲೇನು? ಇಷ್ಟು ದೂರ ಬಂದೀಯಲ್ಲ?"

"ಅದಾರ್ರಿ. ವಿಡಿಯೊದಾಗ ನೀವು ಆ ಹಳೇ ಸೀರಿ ಸವರಿದ್ದು ನೋಡಿ ಬಂದೀನಿ."

 ಕನಕಮ್ಮ ಅಂಗಿಗಳನ್ನು ಒಂದೊಂದಾಗಿ ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಅಕ್ಕಂದಿರೇ, ನೀವು ರೊಟ್ಟಿ ಬಡಿಯಿರಿ, ಬಳೆ ಮಾರಿರಿ, ನಿಮ್ಮ ಕೆಲಸವನ್ನು ಫೋನಿನಲ್ಲಿ ತೋರಿಸಲು ಅಂಜಬೇಡಿ. ಹೆಸರು, ಊರು, ನಂಬರ್ ಮರೆಯದೆ ಹಾಕಿ. ಗಿರಾಕಿ ಏನು ತರಬೇಕು, ನೀವು ಏನು ಕೊಡುತ್ತೀರಿ ಎಂದು ಬಿಡಿಸಿ ಹೇಳಿ. ಇನ್ನೊಬ್ಬರ ವಸ್ತುವನ್ನು ಕೇಳದೆ ತೋರಿಸಬೇಡಿ. ಹಾರ್ಟ್ ಎಣಿಸುತ್ತ ಕೂರಬೇಡಿ, ಬಂದ ಫೋನ್ ಎತ್ತಿ.