ತಾಮೋಲ್ ಕೊಟ್ಟ ಮೇಲೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಹೆಂಡತಿಯನ್ನು ಕೇಳಿದೆ.

“ನಾ ಎದ್ದು ಬಂದದ್ದೊಂದು ಬಿಟ್ಟು ಎಲ್ಲಿಂದರೆ ಮಾಡ್ರಿ” ಎಂದಳು ಇಂದುಮತಿ.

ಅದನ್ನು ಬಿಟ್ಟರೆ ಕಥೆಯೇ ಇಲ್ಲ. ಆದ್ದರಿಂದ ಮೊದಲ ಡ್ರಾಫ್ಟನ್ನು ವ್ಯಾಕರಣದಿಂದ ಶುರು ಮಾಡಿದೆ. (ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ವ್ಯಾಕರಣವೇಕೆ ಎನ್ನುತ್ತೀರಿ. ನನಗೂ ಹಾಗೇ ಅನ್ನಿಸಿತು. ಆದರೂ ಬರೆದೆ.)

೨

ಮೊದಲ ಡ್ರಾಫ್ಟ್: ನಮ್ಮ ಮನುಷ್ಯ ಅಸಮಿಯಾದಲ್ಲಿ ಮಾನುಹ್. ನಮ್ಮ ಮಾಸ ಅಲ್ಲಿ ಮಾಹ್. ಸಂಸ್ಕೃತದಿಂದ ಹೊರಟ ಶಬ್ದ, ಪ್ರಾಕೃತ ಆಡುವವರ ಓಣಿ ಓಣಿ ದಾಟಿ ಬ್ರಹ್ಮಪುತ್ರದ ದಂಡೆ ಮುಟ್ಟುವಷ್ಟರಲ್ಲಿ ಷಕಾರ ಸಕಾರಗಳು ಸವೆದು ಬರೀ ಉಸಿರಾಗಿವೆ. ಸವೆದರೂ ಗುರುತು ಹತ್ತುತ್ತದೆ, ಬಹಳ ವರ್ಷದ ಮೇಲೆ ಸಿಕ್ಕ ನೆಂಟರ ಹಾಗೆ.

ಇನ್ನೊಂದು ಸೊಗಸು ಕೇಳಿ. ನನ್ನ ತಾಯಿಯಾದರೆ ‘ಮಾ’. ನಿನ್ನ ತಾಯಿ ‘ಮಾರ್’. ಅವನ ತಾಯಿ ‘ಮಾಕ್’. ತಾಯಿ ಯಾರವಳು ಎಂಬುದನ್ನು ಆ ನಾಮಪದ ತನ್ನ ಮೈಯೊಳಗೇ ಇಟ್ಟುಕೊಂಡಿರುತ್ತದೆ. ಒಂದು ಭಾಷೆಗೆ ಇಷ್ಟು ಜೋಪಾನ ಯಾರು ಕಲಿಸಿದರೋ.

“ಅಜ್ಜಾ, ಇದು ಕಥಿ ಅಲ್ಲ, ಟ್ಯೂಷನ್” ಎಂದಳು ಕೃಪಾ. ನನ್ನ ಮೊಮ್ಮಗಳು. ಈ ಶಬ್ದಗಳನ್ನೆಲ್ಲ ತಂದದ್ದು ಅವಳೇ. ಅವಳಿಗೆ ಕೊಟ್ಟವನು ಅವಳ ಲ್ಯಾಬಿನಲ್ಲೇ ಕೆಲಸ ಮಾಡುವ ಉದ್ದೀಪ್ತ, ಅಸ್ಸಾಮಿನ ಹುಡುಗ. “ನನ್ನ ಲಗ್ನದ್ದು ಏನಾತು ಅದನ್ನ ಬರಿ. ಜಲ್ದಿ.”

ಡ್ರಾಫ್ಟ್ ಬಿಟ್ಟೆ.

೩

ನಮ್ಮ ಊರಿನಿಂದ ಬಸ್ಸಿನ ಹಾದಿಯಲ್ಲಿರುವ ಸಾವನೇರಿನ ಕಲ್ಲಿದ್ದಲು ಗಣಿಯಲ್ಲಿ ಉದ್ದೀಪ್ತನ ಅಪ್ಪ ಇಂಜಿನಿಯರ್. ಹೋದ ರವಿವಾರ ಲಗ್ನದ ಮಾತಾಡಲು ಪ್ರತಾಪ ನಗರದ ನಮ್ಮ ಮನೆಯಿಂದ ಅವರ ಕ್ವಾರ್ಟರ್ಸಿಗೆ ಹೋದೆವು. ಅಪ್ಪ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ. ಹುಡುಗ ಹುಡುಗಿ ಇಬ್ಬರೂ ತರ್ರಿ ಪೋಹೆ, ಅಂದರೆ ಖಾರದ ರಸ ಸುರಿದ ಅವಲಕ್ಕಿ, ತರಲು ಚೌಕಕ್ಕೆ ಹೋದರು. (ಕಥೆಗಾರನಿಗೆ ಅನುಕೂಲವಾಗಲಿ ಎಂದು ಕಳಿಸಿದ್ದಲ್ಲ, ನಿಜವಾಗಿಯೂ ಹೋದರು.)

ನಾವು ಕೂತೆವಷ್ಟೇ. ಹುಡುಗನ ತಾಯಿ ನಿರುಪಮಾ ಕಾಲಿರುವ ಕಂಚಿನ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ತಟ್ಟೆಯಲ್ಲಿ ವೀಳ್ಯದೆಲೆ, ಹೋಳು ಮಾಡಿದ ಅಡಿಕೆ. ಇಂದುಮತಿಯ ಮುಂದೆ ಬಾಗಿ, “ತಾಮೋಲ್” ಎಂದರು.

ತಾಂಬೂಲವೇ ಅದು, ತುಸು ಸವೆದಿದೆ. ಇಂದುಮತಿಗೆ ಬರೋಬರ್ ತಿಳಿಯಿತು. ಎಡವಟ್ಟಾದದ್ದೇ ಅಲ್ಲಿ. ನಮ್ಮಲ್ಲಿ ತಾಂಬೂಲ ಬರುವುದು ಊಟವಾಗಿ, ಮಾತು ಮುಗಿದು, ಬಂದವರು ಏಳುವಾಗ. ಕುಂಕುಮ ಹಚ್ಚಿ, ಎಲೆ ಅಡಿಕೆ ಕೊಟ್ಟು, ಹೋಗಿ ಬರ್ರಿ ಅನ್ನುವುದು.

ಅವಳು ಎಲೆ ಅಡಿಕೆಯನ್ನು ಕಣ್ಣಿಗೆ ಒತ್ತಿಕೊಂಡಳು, ಸೆರಗಿಗೆ ಕಟ್ಟಿದಳು, ಎದ್ದಳು.

“ಏಳ್ರಿ. ಒಂದು ಗುಟುಕು ನೀರು ಸೈತ ಕೇಳಲಿಲ್ಲ, ಹಾದಿ ತೋರಿಸಿದ್ರು.”

ನಿರುಪಮಾ ತಟ್ಟೆ ಹಿಡಿದೇ ನಿಂತಿದ್ದರು. ಗೇಟಿನ ಹತ್ತಿರ ಕೃಪಾ ಪೋಹೆಯ ಪುಡಿಕೆ ಹಿಡಿದು ಎದುರಾದಳು. ಬಸ್ಸಿನಲ್ಲಿ ಎಲ್ಲ ಕೇಳಿ ಹಣೆ ಹಣೆ ಬಡಿದುಕೊಂಡಳು. “ಅಜ್ಜೀ, ಅವರಲ್ಲೆ ಬಂದವರಿಗೆ ಮೊದಲು ಕೊಡೂದೇ ತಾಮೋಲ್. ಅದೇ ಮರ್ಯಾದಿ.”

“ಹಂಗಾದ್ರ ಹೋಗಾಗ ಏನು ಕೊಡ್ತಾರ?”

“ಯಾರಿಗ್ಗೊತ್ತು. ನೀ ನೋಡಾಕ ಕೂತಿ ಏನು?”

ಇಂದುಮತಿ ಸಾಕಿ ಬೆಳೆಸಿದ ಹುಡುಗಿ ಅದು. ಅಜ್ಜಿ ಹೂಂ ಅನ್ನದೆ ಆಗುವುದಿಲ್ಲ ಎಂದು ಹಟ ಹಿಡಿದವಳು. ಈಗ ಅಜ್ಜಿ ಹೂಂ ಅಂದರೂ, ಆ ತಾಯಿ ಅನ್ನಬೇಕಲ್ಲ.

೪

ಮುಕ್ತಾಯ ಅ: ನಿರುಪಮಾ ಮುನಿಸಿಕೊಂಡರು, ಸಂಬಂಧ ಮುರಿಯಿತು.

“ಕಾಟು ಹಾಕು ಅಜ್ಜಾ” ಎಂದಳು ಕೃಪಾ. ಹಾಕಿದೆ.

ಮುಕ್ತಾಯ ಆ: (ನಮ್ಮಲ್ಲಿ ನಿಶ್ಚಯಕ್ಕೂ ತಾಂಬೂಲವೇ. ಸೆರಗಿಗೆ ಕಟ್ಟಿಕೊಂಡ ಕ್ಷಣಕ್ಕೇ ಇಂದುಮತಿ ಲಗ್ನ ನಿಶ್ಚಯ ಮಾಡಿಬಿಟ್ಟಿದ್ದಳು.)

“ಇದನ್ನ ಇಡ್ರಿ. ಇದರಾಗ ನಾ ಶಾಣ್ಯಾ ಕಾಣ್ತೀನಿ” ಎಂದಳು ಇಂದುಮತಿ. ಸುಳ್ಳನ್ನು ಇಡುವುದು ಹೇಗೆ? ಕಂಸದಲ್ಲಾದರೂ ಇರಲಿ ಎಂದಳು. (ಇಟ್ಟಿದ್ದೇನೆ.)

ಮುಕ್ತಾಯವಲ್ಲದ್ದು: ಮರುದಿನ ಕೃಪಾ ಲ್ಯಾಬಿನಿಂದ ಸುದ್ದಿ ತಂದಳು. ನಿರುಪಮಾ ತಮ್ಮ ತಂಗಿಗೆ ಫೋನಿನಲ್ಲಿ ಎಲ್ಲ ಹೇಳಿದರಂತೆ, ಇಂದುಮತಿಯನ್ನು ‘ಮಾನುಹ್‌ಗರಾಕಿ’ ಎಂದರಂತೆ.

“ನಾ ಏನು ಗಿರಾಕಿ ಏನ?”

“ಗಿರಾಕಿ ಅಲ್ಲ ಅಜ್ಜಿ, ಗರಾಕಿ. ದೊಡ್ಡ ಹೆಣ್ಣುಮಗಳಿಗೆ ಮರ್ಯಾದಿಲೆ ಹಚ್ಚೂದು. ಸಿಟ್ಟಿದ್ರ ‘ಗರಾಕಿ’ ಬಿಟ್ಟು ಬರೇ ‘ಜನೀ’ ಹಚ್ತಿದ್ರು.”

ಆ ಭಾಷೆಯಲ್ಲಿ ನಾಮಪದಕ್ಕೊಂದು ಬಾಲವಿದೆ ಎಂದು ಆಗ ತಿಳಿಯಿತು. ಹಗ್ಗದಂಥ ಉದ್ದನೆಯದಕ್ಕೆ ‘ಡಾಲ್’, ಚಾಪೆಯಂಥ ಅಗಲದ್ದಕ್ಕೆ ‘ಖನ್’. ವಸ್ತುವಿನ ಆಕಾರವನ್ನು ಕಣ್ಣಲ್ಲಿ ಅಳೆದು ಮಾತಾಡುವ ಜನ. ಎದ್ದು ಹೋದವಳ ಬೆನ್ನನ್ನೂ ಅಳೆದು, ಅವಳಿಗೆ ದೊಡ್ಡ ಬಾಲವನ್ನೇ ಹಚ್ಚಿದ್ದರು.

ಇಂದುಮತಿ ನಿನ್ನೆಯ ಸೀರೆಯ ಸೆರಗಿನಿಂದ ಬಾಡಿದ ಎಲೆ ಬಿಚ್ಚಿ, ಅಂಗೈಯಿಂದ ಸವರಿದಳು. “ಆಕೀನ್ನ ಮನಿಗೆ ಕರಿ” ಎಂದಳು.

೫

ಇವತ್ತು ನಿರುಪಮಾ ಬರುತ್ತಿದ್ದಾರೆ. ಇಂದುಮತಿ ಬೆಳಗಿನಿಂದ ಎಲೆ ಅಡಿಕೆಯ ತಟ್ಟೆ ಹಿಡಿದು ಬಾಗಿಲಲ್ಲೇ ಕೂತಿದ್ದಾಳೆ.

“ಬಂದ ಕೂಡ್ಲೆ ಕೊಡಾಕಿ ಏನ?” ಎಂದೆ.

“ಹೂಂ.”

“ಹೋಗಾಗ?”

“ಹೋಗಾಗ ಕೊಡೂದಿಲ್ಲ. ಕೊಟ್ರ ಹೋಗಿಬಿಡ್ತಾಳ.”

ಗೇಟಿನ ಮುಂದೆ ಆಟೋ ನಿಂತ ಸದ್ದಾಯಿತು. ಇಂದುಮತಿ ಎದ್ದಳು. ಮುಂದಿನದು ಇನ್ನೂ ಆಗಿಲ್ಲ, ಆಗದ್ದನ್ನು ಬರೆಯಲಾರೆ.

ಓದುಗರೇ, ತಟ್ಟೆಯಲ್ಲಿ ನಿಮಗೂ ಒಂದು ಎಲೆ ತೆಗೆದಿಟ್ಟಿದ್ದೇನೆ, ತಗೊಳ್ಳಿ. ನಮ್ಮ ಕಡೆಯವರಾದರೆ ಎದ್ದು ಹೊರಡಿ. ಅವರ ಕಡೆಯವರಾದರೆ, ಚಪ್ಪಲಿ ಬಿಟ್ಟು ಒಳಗೆ ಬನ್ನಿ.