ತಪ್ಪಿದ ಮರಿ

ಇಪ್ಪತ್ತು ವರ್ಷದಿಂದ ಸಂಜೆಯಾದರೆ ನನ್ನದು ಒಂದೇ ಕೆಲಸ. ಮೇಯ್ದು ಬಂದ ಕುರಿಗಳ ನಡುವೆ ನಿಂತು, ದೊಡ್ಡಿಯ ಮರಿಗಳನ್ನು ಒಂದೊಂದಾಗಿ ಎತ್ತಿ, ಗುರುತು ಹಿಡಿದು ಅದರದರ ತಾಯಿಗೆ ಸೇರಿಸುವುದು. ನಮ್ಮೂರು ಠಾಣಾ ಕುಶನೂರಿನಲ್ಲಿ ಯಾರನ್ನಾದರೂ ಕೇಳಿ, ಸಿದ್ದೇಶ್ವರಿ ತಪ್ಪಿದವಳಲ್ಲ ಎನ್ನುತ್ತಾರೆ. ಮುಟ್ಟು ನಿಂತ ವರ್ಷ ಒಂದೇ ಸಂಜೆ ಮೂರು ಮರಿಗಳನ್ನು ತಪ್ಪಿ ಬೇರೆ ಕುರಿಗಳಿಗೆ ಬಿಟ್ಟೆ. ಕುರಿಗಳು ಒದ್ದವು. ಗಂಡ ಮಡೆಪ್ಪ ನಕ್ಕ.

"ದೀಪಾವಳಿ ತನಕ ನೋಡ್ತೇನಿ. ಆಮ್ಯಾಲ ಈ ಕೆಲಸ ತಮ್ಮನ ಹೆಣ್ತಿಗಿ ಕೊಡ್ತೇನಿ."

ಆ ನೆಗೆಣ್ಣಿಗೆ ಕುರಿ ಯಾವುದು ಆಡು ಯಾವುದು ಎಂದೇ ನೆಟ್ಟಗೆ ತಿಳಿಯದು.

ಬೀದರಿನಲ್ಲಿ ನರ್ಸ್ ಆಗಿರುವ ಮಗಳು ಪೂನಮ ಬಂದು, "ಈ ವಯಸ್ಸಿನ್ಯಾಗ ಭಾಳ ಮಂದಿಗಿ ಹಿಂಗ ಆಗ್ತದ, ಹೆದರಬ್ಯಾಡವ್ವ" ಎಂದು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಮುಚ್ಚಿಟ್ಟ ಚಿತ್ರಗಳಲ್ಲಿ ಜೋಡಿ ಹುಡುಕುವ ಆಟ. ದಿನಾ ಆಡಿದರೆ ನೆನಪು ಚುರುಕಾಗುತ್ತದಂತೆ. ಬೆಳಿಗ್ಗೆ ಆಡಿ, ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ತೊಗರಿ ಹೊಲಕ್ಕೆ ಹೋಗುತ್ತಿದ್ದೆ.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಬೆಳಿಗ್ಗೆ ನಲವತ್ತು ಅಂಕ ನೋಡಿದ ನೆನಪು. ಸಂಜೆ ತೆಗೆದರೆ ಎಂಬತ್ತೈದು. ಆ ನಲವತ್ತೂ ನನ್ನ ಮರೆವೇ ಇರಬೇಕು ಎಂದುಕೊಂಡೆ. ಫೋನಿನಲ್ಲಿ ಕೇಳಿದ ಪೂನಮ ಶಾಬಾಸ್ ಎಂದಳು. ಮಡೆಪ್ಪ ಮಾತ್ರ ಕಣ್ಣು ಕೆಂಪು ಮಾಡಿದ.

"ಎಂಬತ್ತೈದು ತಗೋತಿ, ಮರಿ ಯಾಕ ತಪ್ಪತಾವ? ಬೇಕಂತ ಮಾಡ್ತಿ ಏನು?"

ಫೋನಿನೊಳಗಿನ ಜಾಣೆ ನಾನೋ, ದೊಡ್ಡಿಯ ದಡ್ಡಿ ನಾನೋ? ನಿಜ ಹೇಳುತ್ತೇನೆ, ಹುಚ್ಚು ಹಿಡಿಯಿತೆಂದೇ ಹೆದರಿದ್ದೆ.

ಒಂದು ದಿನ ಬುತ್ತಿ ಮರೆತು ಹೊಲದಿಂದ ಮರಳಿದೆ. ಎಪ್ಪತ್ತೆರಡರ ಅತ್ತೆ ಗಂಗುಬಾಯಿ ಕನ್ನಡಕ ಏರಿಸಿ, ನನ್ನ ಫೋನು ತೊಡೆಯ ಮೇಲಿಟ್ಟು ಚಿತ್ರ ಒತ್ತುತ್ತಿದ್ದರು.

"ಅತ್ತಿ, ಇದೇನ್ರಿ?"

"ನಿನ್ನ ಹೆಸರಿಲೇ ಆಡ್ಲಿಕತ್ತೀನಿ. ನಿನಗ ಜ್ವರ ಬಂದಾಗ ನಿನ್ನ ಹೆಸರಿಲೇ ಉಪವಾಸ ಹಿಡದಿದ್ದಿಲ್ಲೇನು? ಆರಾಮ ಆಗಲಿಲ್ಲೇನು?"

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಹಾಗಾದರೆ ನಲವತ್ತೇ ನಾನು.

ಅಂದು ಸಂಜೆ ಚುಕ್ಕಿ ಕಿವಿಯ ಮರಿಯೊಂದನ್ನು ಎತ್ತಿಕೊಂಡು ನಿಂತೆ. ಯಾರದೆಂದು ಹೊಳೆಯಲೇ ಇಲ್ಲ. ಮಡೆಪ್ಪ ನೋಡುತ್ತಿದ್ದ. ಮೊದಲ ಸಲ ಬಾಯಿಬಿಟ್ಟು ಕೇಳಿದೆ: "ಅತ್ತಿ, ಇದು ಯಾರದ್ರಿ?"

"ನನಗೇನು ಗೊತ್ತ? ಕೆಳಗ ಬಿಡು," ಎಂದರು ಕಟ್ಟೆಯ ಮೇಲಿಂದ. "ಮುಟ್ಟು ನಿಂತಾಗ ನಂದೂ ಹಿಂಗೇ ಆಗಿತ್ತು. ಎರಡು ವರ್ಷ ಕೆಳಗ ಬಿಟ್ಟೇ ನಡಸೀನಿ. ನಿಮ್ಮ ಮಾವಗ ಸಾಯೋತನಕ ತಿಳೀಲಿಲ್ಲ."

ಬಿಟ್ಟೆ. ಮರಿ ಎರಡು ಕುರಿಗಳಿಂದ ಗುದ್ದಿಸಿಕೊಂಡು, ಮೂರನೆಯದರ ಕೆಚ್ಚಲಿಗೆ ಬಾಯಿ ಹಾಕಿತು. ಆ ಕುರಿ ಅದರ ಬಾಲ ಮೂಸಿ ಸುಮ್ಮನೆ ನಿಂತಿತು.

ಇಷ್ಟು ವರ್ಷ ನಾನು ಮಾಡಿದ್ದೇನು ಮತ್ತೆ? ಅದೊಂದು ಇವತ್ತಿಗೂ ತಿಳಿದಿಲ್ಲ. ಮಡೆಪ್ಪ ತಾನೂ ಒಂದು ಮರಿ ಎತ್ತಿಕೊಂಡ. ಕುರಿಗಳನ್ನು ನೋಡಿದ, ಮರಿಯನ್ನು ನೋಡಿದ, ಕೊನೆಗೆ ನನ್ನ ಮುಖ ನೋಡಿದ.

"ಕೆಳಗ ಬಿಡ್ರಿ," ಎಂದೆ.